ವಚನದ ಜಾಡು ಮತ್ತು ಗ್ರಂಥಭಂಡಾರದ ದಾರಿ

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಿರುವ ನಾಗಾವಿಯು ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಕ್ರಿ.ಶ. ೧೦೫೮ರ ಅಲ್ಲಿಯ ಶಾಸನವು ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರವಾಗಿ ತಿಳಿಸುತ್ತದೆ. ವೇದಾಧ್ಯಯನ ಮಾಡುವವರು, ಶಾಸ್ತ್ರಾಧ್ಯಯನ ಮಾಡುವವರು ಸೇರಿ ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳು ಅಲ್ಲಿದ್ದರು. ಅವರಿಗೆ ಪಾಠ ಹೇಳುವ ಉಪಾಧ್ಯಾಯರಿದ್ದರು. ಇವರೆಲ್ಲರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ಸರಸ್ವತೀ ಭಂಡಾರವೆಂದರೆ ಪುಸ್ತಕಾಲಯ, ಭಂಡಾರಿಗನೆಂದರೆ ಅದರ ಪಾಲಕ. ಓಲೆಯ ಕಟ್ಟುಗಳನ್ನು ಕಾಯುವುದಷ್ಟೇ ಕೆಲಸವಾಗಿದ್ದರೆ ಒಬ್ಬನೋ ಇಬ್ಬರೋ ಸಾಕಾಗುತ್ತಿತ್ತು. ಆರು ಮಂದಿಯನ್ನು ನೇಮಿಸಿ ಅವರ ಜೀವಿತಕ್ಕೆ ಭೂಮಿಯನ್ನು ಬಿಟ್ಟುದನ್ನು ನೋಡಿದರೆ, ಕೇಳಿದವನಿಗೆ ಕೇಳಿದ ಗ್ರಂಥವನ್ನು ಹುಡುಕಿ ಕೈಗಿಡುವ ಹೊಣೆಯೂ ಅವರದೇ ಆಗಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಇದಾದ ನೂರು ವರ್ಷಗಳ ತರುವಾಯ, ಬಿಜ್ಜಳನ ಕಾಲದಲ್ಲಿ, ಬಳ್ಳಿಗಾವಿಯ ಕೋಡಿಮಠವು ಇಂಥದೇ ಇನ್ನೊಂದು ಕೇಂದ್ರವಾಗಿತ್ತು. ೧೧೬೨ರ ಅದರ ಶಾಸನವು ಅಲ್ಲಿ ನಡೆಯುತ್ತಿದ್ದ ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯ, ಯೋಗ, ಪುರಾಣ ಮೊದಲಾದವುಗಳ ವ್ಯಾಖ್ಯಾನವನ್ನು ಒಂದೊಂದಾಗಿ ಎಣಿಸುತ್ತದೆ. ಬೌದ್ಧ ದರ್ಶನವೂ ಆ ಪಟ್ಟಿಯಲ್ಲಿದೆ. ತನ್ನದಲ್ಲದ ಮತದ ಗ್ರಂಥಕ್ಕೂ ಸ್ಥಾನವಿತ್ತು ಒಂದು ಶೈವ ಮಠವೆಂಬುದು ಗಮನಾರ್ಹ. ಅದೇ ದಶಕಗಳಲ್ಲಿ ಕಲ್ಯಾಣದಲ್ಲಿ ಶರಣರು ಕನ್ನಡದಲ್ಲಿ ನುಡಿಯುತ್ತಿದ್ದರು. ಘಟಿಕಾಸ್ಥಾನಗಳ ಭಂಡಾರದಲ್ಲಿ ಆ ನುಡಿಗೆ ಅಂದು ಎಡೆಯಿದ್ದಿರಲಾರದು. ಆ ವಚನಗಳು ಉಳಿದುಬಂದುದು ಹೇಗೆ, ಉಳಿದವನ್ನು ಹುಡುಕಲು ಹಿಂದಿನವರು ಯಾವ ದಾರಿಗಳನ್ನು ಮಾಡಿಟ್ಟರು, ಇಂದು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಹೊಕ್ಕ ಜಿಜ್ಞಾಸುವು ಒಂದು ವಚನವನ್ನು ಅದರ ಮೂಲದವರೆಗೆ ಹಿಂಬಾಲಿಸುವುದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ.

ಸ್ಥಲವೆಂಬ ವಿಂಗಡಣೆ

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ (೧೪೨೪–೧೪೪೬) ಕಾಲ ಹಾಗೂ ಅದರ ಮುಂದಿನ ಕಾಲದಲ್ಲಿ, ವಿರಕ್ತರು ಚದುರಿಹೋಗಿದ್ದ ವಚನಗಳನ್ನು ಕೂಡಿಹಾಕುವ ಮಹಾಕಾರ್ಯವನ್ನು ಕೈಗೊಂಡರು. ಇದನ್ನು ಸಾಮಾನ್ಯವಾಗಿ ಸಂಗ್ರಹಕಾರ್ಯವೆಂದು ಬಣ್ಣಿಸಿ ಬಿಡಲಾಗುತ್ತದೆ. ಅದು ಸಂಗ್ರಹಕ್ಕಿಂತಲೂ ಹೆಚ್ಚಿನದು. ಸಾವಿರಾರು ಬಿಡಿ ನುಡಿಗಳು ಕೈಸೇರಿದಾಗ ಅವನ್ನು ಯಾವ ಕ್ರಮದಲ್ಲಿರಿಸಬೇಕೆಂಬ ಪ್ರಶ್ನೆ ಅವರ ಮುಂದೆ ನಿಂತಿತು. ವಚನಕ್ಕೆ ತಲೆಬರಹವಿಲ್ಲ, ಕಾಲದ ಉಲ್ಲೇಖವಿಲ್ಲ, ಒಂದರಿಂದ ಇನ್ನೊಂದಕ್ಕೆ ಕಥೆಯ ಸಂಬಂಧವಿಲ್ಲ. ಆ ಹಿರಿಯರು ಆರಿಸಿಕೊಂಡ ಸೂತ್ರ ಷಟ್‌ಸ್ಥಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳು ಸಾಧಕನ ಏರುದಾರಿಯಾದಂತೆಯೇ ವಚನಗಳ ವಿಂಗಡಣೆಯ ಮನೆಗಳೂ ಆದವು. ಏಕೋತ್ತರಶತಸ್ಥಲದ ಸಂಕಲನಗಳಲ್ಲಿ ಈ ಮನೆಗಳು ನೂರೊಂದಾಗಿ ಕವಲೊಡೆದವು.

ಇಂದಿನ ಗ್ರಂಥಾಲಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ವಿಷಯಾನುಸಾರಿಯಾದ ವರ್ಗೀಕರಣ. ಪ್ರಸಾದದ ವಿಚಾರವಾಗಿ ಶರಣರು ಏನೆಂದರೆಂದು ತಿಳಿಯಬಯಸಿದವನು ಇಡೀ ಕಟ್ಟನ್ನು ಬಿಚ್ಚಬೇಕಾಗಿಲ್ಲ. ಪ್ರಸಾದಿಸ್ಥಲದ ಓಲೆಗಳನ್ನು ತೆಗೆದರಾಯಿತು. ಆದರೆ ಯಾವ ವರ್ಗೀಕರಣವೂ ನಿರ್ದೋಷವಲ್ಲ. ಒಂದೇ ವಚನವು ಭಕ್ತಿಯನ್ನೂ ಐಕ್ಯವನ್ನೂ ಕುರಿತು ನುಡಿಯಬಹುದು. ಅದನ್ನು ಎರಡರಲ್ಲೊಂದು ಮನೆಯಲ್ಲಿ ಮಾತ್ರ ಇಡಲು ಸಾಧ್ಯ. ಆದ್ದರಿಂದಲೇ ಒಂದೇ ವಚನವು ಬೇರೆ ಬೇರೆ ಸಂಕಲನಗಳಲ್ಲಿ ಬೇರೆ ಬೇರೆ ಸ್ಥಲಗಳಡಿಯಲ್ಲಿ ಕಾಣಸಿಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗನಾಗಿ, ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣ ಇವರು ರಚಿಸಿದ ಶೂನ್ಯಸಂಪಾದನೆಗಳಲ್ಲಂತೂ ಕ್ರಮವು ಇನ್ನೂ ಬೇರೆ. ಅಲ್ಲಿ ವಚನಗಳು ಪ್ರಭುದೇವರ ಸುತ್ತ ನಡೆದ ಸಂವಾದದ ರೂಪದಲ್ಲಿ ಹೆಣೆದುಕೊಂಡಿವೆ. ಸ್ಥಲಕಟ್ಟಿನ ವಚನವನ್ನು ಶೂನ್ಯಸಂಪಾದನೆಯಲ್ಲಿ ಹುಡುಕುವವನು ವಿಷಯವನ್ನಲ್ಲ, ಪ್ರಸಂಗವನ್ನು ತಿಳಿದಿರಬೇಕು. ಸಂಕಲನಕಾರನ ಕ್ರಮವನ್ನು ಅರಿಯದೆ ಸಂಕಲನದೊಳಗೆ ಕಾಲಿಡಬಾರದೆಂಬುದು ಇದರಿಂದ ಸಿದ್ಧವಾಗುವ ಮೊದಲನೆಯ ಪಾಠ.

ಅಂಕಿತವೆಂಬ ಗುರುತು

ವಿಷಯದ ದಾರಿ ಸ್ಥಲವಾದರೆ ಕರ್ತೃವಿನ ದಾರಿ ಅಂಕಿತ. ವಚನಕಾರನು ತನ್ನ ಹೆಸರನ್ನು ಹೇಳದೆ ತನ್ನ ಇಷ್ಟದೈವದ ಹೆಸರನ್ನು ನುಡಿಯ ಕೊನೆಯಲ್ಲಿಡುತ್ತಾನೆ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ರಾಮನಾಥನೆಂದರೆ ದಾಸಿಮಯ್ಯ, ಕಲಿದೇವರದೇವನೆಂದರೆ ಮಡಿವಾಳ ಮಾಚಯ್ಯ. ಗ್ರಂಥಾಲಯದ ಪಟ್ಟಿಯಲ್ಲಿ ಕರ್ತೃನಾಮವು ಮಾಡುವ ಕೆಲಸವನ್ನು ಓಲೆಯ ಮೇಲೆ ಅಂಕಿತವು ಮಾಡುತ್ತದೆ.

ಆದರೆ ಈ ಗುರುತು ಸೂಕ್ಷ್ಮವಾದುದು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅವರ ಸೋದರಳಿಯ ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಣ ಎರಡಕ್ಷರಗಳನ್ನು ಲಿಪಿಕಾರನು ಬಿಟ್ಟರೆ ಅಳಿಯನ ನುಡಿ ಮಾವನದಾಗುತ್ತದೆ. ಸೇರಿಸಿದರೆ ಮಾವನದು ಅಳಿಯನದಾಗುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಧರ್ಮಪತ್ನಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮೋಳಿಗೆಯ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿಯದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಇಲ್ಲಿ ಮೊದಲಿನ ಪದವನ್ನು ಗಮನಿಸದೆ ಕೊನೆಯ ಪದವನ್ನಷ್ಟೇ ನೋಡಿ ಪಟ್ಟಿ ಮಾಡಿದವನು ಶರಣೆಯ ನುಡಿಯನ್ನು ಆಕೆಯ ಪತಿಯ ಲೆಕ್ಕಕ್ಕೆ ಜಮಾ ಮಾಡಿದಂತಾಗುತ್ತದೆ. ಕಾಯಕದಲ್ಲಿಯೂ ಅರಿವಿನಲ್ಲಿಯೂ ಗಂಡನನ್ನು ತಿದ್ದಿದ ಲಕ್ಕಮ್ಮನಂಥವಳ ಮಾತು ಗಂಡನ ಹೆಸರಿನಲ್ಲಿ ಮರೆಯಾಗುವುದು ಕೇವಲ ಪಟ್ಟಿಯ ತಪ್ಪಲ್ಲ, ಇತಿಹಾಸಕ್ಕೆ ಮಾಡಿದ ಅನ್ಯಾಯ.

ಇದಕ್ಕಿಂತಲೂ ಎಚ್ಚರದ ಸಂಗತಿ ಇನ್ನೊಂದಿದೆ. ಸೂಳೆ ಸಂಕವ್ವೆಯ ಹೆಸರಿನಲ್ಲಿ ದೊರೆತಿರುವುದು ಒಂದೇ ಒಂದು ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ನೂರಾರು ವಚನಗಳಿರುವ ಹಿರಿಯ ಶರಣರ ಹೆಸರು ಪಟ್ಟಿಯಲ್ಲಿ ಒಮ್ಮೆ ತಪ್ಪಿದರೂ ಇನ್ನೊಂದೆಡೆ ಸಿಕ್ಕೀತು. ಸಂಕವ್ವೆಗೆ ಆ ಅನುಕೂಲವಿಲ್ಲ. ಸೂಚಿಯಲ್ಲಿ ಆಕೆಯ ಆ ಒಂದು ಸಾಲು ಬಿಟ್ಟುಹೋದರೆ ಸಮಾಜವು ಹೊರಗಿಟ್ಟ ವೃತ್ತಿಯಿಂದ ಅನುಭಾವದ ಅಂಗಳಕ್ಕೆ ಬಂದ ಒಬ್ಬ ಹೆಣ್ಣುಮಗಳು ಎರಡನೆಯ ಸಲ ಹೊರಗೆ ಉಳಿಯುತ್ತಾಳೆ. ಸೂಚಿಯನ್ನು ಸಿದ್ಧಪಡಿಸುವ ಕೆಲಸ ಗುಮಾಸ್ತಿಕೆಯೆಂದು ತಿಳಿಯುವವರು ಈ ನಿದರ್ಶನವನ್ನು ನೆನೆಯಬೇಕು.

ಓಲೆಯ ಕಟ್ಟಿನೊಳಗೆ

ಹಸ್ತಪ್ರತಿಗಳ ಭಂಡಾರದಲ್ಲಿ ದಾರಿ ತಪ್ಪುವುದು ಇನ್ನೂ ಸುಲಭ. ಮುದ್ರಿತ ಪುಸ್ತಕವೊಂದಕ್ಕೆ ಮುಖಪುಟವುಂಟು. ಕರ್ತೃ, ಶೀರ್ಷಿಕೆ, ಮುದ್ರಣದ ವರ್ಷ ಎಲ್ಲವೂ ಅಲ್ಲಿರುತ್ತವೆ. ಓಲೆಯ ಕಟ್ಟಿಗೆ ಮುಖಪುಟವಿಲ್ಲ. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳಿರಬಹುದು. ಪಟ್ಟಿ ಮಾಡಿದವನು ಮೊದಲನೆಯದನ್ನು ಮಾತ್ರ ದಾಖಲಿಸಿದ್ದರೆ ಉಳಿದವು ಇದ್ದೂ ಇಲ್ಲದಂತೆ. ಸಕಲ ಪುರಾತನರ ವಚನಗಳು ಎಂಬ ಒಂದೇ ಹೆಸರಿನ ಕಟ್ಟುಗಳು ಹಲವೆಡೆ ದೊರೆತಿವೆ. ಆ ಒಂದು ಹೆಸರಿನಡಿಯಲ್ಲಿ ಹತ್ತಾರು ಶರಣರ ನುಡಿಗಳು ಅಡಗಿರುತ್ತವೆ. ಶೀರ್ಷಿಕೆಯನ್ನು ನೋಡಿ ಕೈಬಿಟ್ಟವನಿಗೆ ಅವರಲ್ಲೊಬ್ಬರೂ ಸಿಗಲಾರರು. ಕಟ್ಟಿನ ಕೊನೆಯ ಓಲೆಯನ್ನು ಮೊದಲು ನೋಡುವುದು ಬಲ್ಲವರ ರೂಢಿ. ಪ್ರತಿ ಮಾಡಿದವನ ಹೆಸರು, ಊರು, ಸಂವತ್ಸರ, ಮಾಸ, ತಿಥಿಗಳು ಅಲ್ಲಿರುವ ಸಂಭವ ಹೆಚ್ಚು. ಶಕವರ್ಷವನ್ನು ಹೇಳಿದ್ದರೆ ಎಪ್ಪತ್ತೆಂಟನ್ನು ಕೂಡಿಸಿದಾಗ ಕ್ರಿಸ್ತಶಕ ದೊರೆಯುತ್ತದೆ; ಬರಿಯ ಸಂವತ್ಸರವಿದ್ದರೆ ಅರುವತ್ತು ವರ್ಷಗಳ ಚಕ್ರದಲ್ಲಿ ಯಾವ ಸುತ್ತೆಂಬುದನ್ನು ಲಿಪಿಯ ಸ್ವರೂಪದಿಂದ ನಿರ್ಣಯಿಸಬೇಕು.

ಕನ್ನಡ ಹಸ್ತಪ್ರತಿಗಳು ಒಂದೇ ಕಡೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸರ್ವೇಯರ್ ಜನರಲ್ ಆಗಿದ್ದ ಕರ್ನಲ್ ಕಾಲಿನ್ ಮೆಕೆಂಜಿಯು ದಕ್ಷಿಣ ದೇಶದಲ್ಲೆಲ್ಲ ಓಲೆ, ಕಡತ, ಶಾಸನಗಳ ನಕಲುಗಳನ್ನು ಶೇಖರಿಸಿದನು. ೧೮೨೧ರಲ್ಲಿ ಅವನು ತೀರಿಕೊಂಡ ಮೇಲೆ ಆ ಸಂಗ್ರಹವು ಹಂಚಿಹೋಗಿ, ಅದರ ಒಂದು ದೊಡ್ಡ ಭಾಗ ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿತು. ಮೈಸೂರಿನಲ್ಲಿ ೧೮೯೧ರಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಪ್ರಾಚ್ಯ ಪುಸ್ತಕಾಲಯವು ಸ್ಥಾಪಿತವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯು ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು ಅಲ್ಲಿಯೇ. ೧೯೦೯ರಲ್ಲಿ ಅದು ಅಚ್ಚಾಯಿತು. ಜಗತ್ತು ಕಳೆದುಹೋಯಿತೆಂದು ತಿಳಿದಿದ್ದ ಗ್ರಂಥವು ಕಟ್ಟುಗಳ ನಡುವೆ ಮೌನವಾಗಿ ಕುಳಿತಿದ್ದಿತು. ಅದು ಬೆಳಕಿಗೆ ಬಂದುದು ಕಟ್ಟು ಬಿಚ್ಚಿ ಓದುವವನೊಬ್ಬನು ಅಲ್ಲಿದ್ದುದರಿಂದ. ಧಾರವಾಡದಲ್ಲಿ ೧೯೩೯ರಲ್ಲಿ ಮುಂಬಯಿ ಸರಕಾರವು ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆಯು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಯಿತು. ಇವಲ್ಲದೆ ಮಠಗಳ, ಮನೆತನಗಳ ಜಗುಲಿಯ ಮೇಲಣ ಕಟ್ಟುಗಳು ಬೇರೆ.

ಅಚ್ಚಿನ ಯುಗ

ವಚನವು ಜಗುಲಿಯಿಂದ ಗ್ರಂಥಾಲಯದ ಕಪಾಟಿಗೆ ಬಂದುದು ಫ. ಗು. ಹಳಕಟ್ಟಿಯವರ (೧೮೮೦–೧೯೬೪) ತಪಸ್ಸಿನಿಂದ. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇಲ್ಲಿ ಜಿಜ್ಞಾಸುಗಳು ನೆನಪಿಡಬೇಕಾದ ಒಂದು ಮಾತುಂಟು. ಹಳಕಟ್ಟಿಯವರ ಶ್ರಮವೆಲ್ಲವೂ ಪುಸ್ತಕರೂಪದಲ್ಲಿಲ್ಲ. ಅದರ ಬಹುಭಾಗ ಶಿವಾನುಭವದ ಹಳೆಯ ಸಂಚಿಕೆಗಳಲ್ಲಿದೆ. ಪುಸ್ತಕಗಳ ಪಟ್ಟಿಯನ್ನು ಮಾತ್ರ ನೋಡಿ ಹಿಂದಿರುಗುವವನಿಗೆ ಅದು ಕಾಣುವುದಿಲ್ಲ. ನಿಯತಕಾಲಿಕಗಳ ರಟ್ಟುಕಟ್ಟಿದ ಸಂಪುಟಗಳು ಗ್ರಂಥಾಲಯದ ಬೇರೊಂದು ಕೊಠಡಿಯಲ್ಲಿರುತ್ತವೆ. ಅವುಗಳೊಳಗಿನ ಲೇಖನಗಳ ಹೆಸರು ಸಾಮಾನ್ಯ ಪಟ್ಟಿಯಲ್ಲಿ ಬರುವುದಿಲ್ಲ. ೧೯೧೬ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ, ಮೈಸೂರು ವಿಶ್ವವಿದ್ಯಾಲಯದ ಪ್ರಬುದ್ಧ ಕರ್ನಾಟಕ ಇವುಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕವಿಗಳ ಕಾಲ, ದೇಶಗಳನ್ನು ಕುರಿತ ವಾದಗಳೆಲ್ಲ ಮೊದಲು ನಡೆದುದು ಈ ಪುಟಗಳಲ್ಲಿ.

ಕವಿಗಳ ವಿಚಾರಕ್ಕೆ ಮೊದಲ ಮೆಟ್ಟಿಲು ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆ. ಅದರ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಹೊರಬಂದವು. ಕಾಲಾನುಕ್ರಮವೇ ಅದರ ವಿನ್ಯಾಸವಾದುದರಿಂದ ಶರಣರ ಕಾಲಕ್ಕೂ ಸಂಕಲನಕಾರರ ಕಾಲಕ್ಕೂ ಬೇರೆ ಬೇರೆ ಸಂಪುಟಗಳನ್ನು ನೋಡಬೇಕು. ಮೊದಲನೆಯ ಸಂಪುಟವು ಬಂದಾಗ ವಚನಶಾಸ್ತ್ರಸಾರವು ಇನ್ನೂ ಹುಟ್ಟಿರಲಿಲ್ಲವೆಂಬುದನ್ನು ಮರೆಯಲಾಗದು. ಆಕರಗ್ರಂಥವು ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಪ್ರಕಟವಾದ ವರ್ಷದ ಗೆರೆಯಾಚೆಗೆ ಅದಕ್ಕೆ ಕಣ್ಣಿಲ್ಲ. ಪುಸ್ತಕವನ್ನು ತೆರೆದೊಡನೆ ಅದರ ವರ್ಷವನ್ನು ನೋಡುವ ಅಭ್ಯಾಸವಿಲ್ಲದವನು ಹಳೆಯ ಮಾತನ್ನು ಕೊನೆಯ ಮಾತೆಂದು ಭ್ರಮಿಸುತ್ತಾನೆ.

ಎರಡು ಕಪಾಟುಗಳ ನಡುವೆ

ಆಧುನಿಕ ಗ್ರಂಥಾಲಯದ ಕಪಾಟುಗಳ ಕ್ರಮವನ್ನು ನಿರ್ಣಯಿಸಿದವರಲ್ಲಿ ಇಬ್ಬರು ಮುಖ್ಯರು. ಅಮೆರಿಕದ ಮೆಲ್ವಿಲ್ ಡ್ಯೂಯಿಯು ೧೮೭೬ರಲ್ಲಿ ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿ ಹಂಚಿ, ಅವಕ್ಕೆ ದಶಮಾಂಶದ ಅಂಕಿಗಳನ್ನು ಕೊಟ್ಟನು. ನಮ್ಮ ದೇಶದ ಹಲವು ಗ್ರಂಥಾಲಯಗಳು ಈ ಪದ್ಧತಿಯನ್ನೇ ಅನುಸರಿಸುತ್ತವೆ. ಇದರಲ್ಲಿ ಕನ್ನಡ ಸಾಹಿತ್ಯದ ಅಂಕಿ ೮೯೪.೮೧೪, ಹಿಂದೂ ಧರ್ಮವೆಂಬ ಶಿರೋನಾಮೆಯ ಅಂಕಿ ೨೯೪.೫, ಶೈವ ಪಂಥಗಳೆಲ್ಲ ಅದರ ಕವಲಿನಲ್ಲಿ ಬರುತ್ತವೆ. ಕರ್ನಾಟಕದ ಇತಿಹಾಸ ೯೫೪.೮೭. ಇನ್ನು ಬಸವಣ್ಣನವರ ವಚನಗಳ ಒಂದು ಆವೃತ್ತಿಯು ಗ್ರಂಥಾಲಯಕ್ಕೆ ಬಂದಿತೆನ್ನೋಣ. ಅದು ಸಾಹಿತ್ಯವೋ? ಧರ್ಮವೋ? ವರ್ಗೀಕರಿಸುವವನು ಕವಿತೆಯೆಂದು ತಿಳಿದರೆ ಅದು ಒಂದು ಮೂಲೆಗೆ ಹೋಗುತ್ತದೆ. ಧರ್ಮಗ್ರಂಥವೆಂದು ತಿಳಿದರೆ ಇನ್ನೊಂದು ಮೂಲೆಗೆ. ಕಲ್ಯಾಣದ ಕ್ರಾಂತಿಯನ್ನು ಕುರಿತ ಗ್ರಂಥವು ಮೂರನೆಯ ಕಡೆ ನಿಲ್ಲುತ್ತದೆ. ಶರಣರು ನುಡಿ, ನಡೆ, ನಂಬಿಕೆಗಳನ್ನು ಬೇರ್ಪಡಿಸಲಿಲ್ಲ; ಕಪಾಟು ಬೇರ್ಪಡಿಸದೆ ವಿಧಿಯಿಲ್ಲ. ಒಂದು ಕಪಾಟಿನ ಮುಂದೆ ನಿಂತು ಇಷ್ಟೇ ಇರುವುದೆಂದು ನಿರ್ಧರಿಸುವ ವಿದ್ಯಾರ್ಥಿಯು ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತಾನೆ.

ಎರಡನೆಯವರು ಶಿಯಾಳಿ ರಾಮಾಮೃತ ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನಲ್ಲಿ ಶಿಕ್ಷಣ ಪಡೆಯುತ್ತಿದ್ದಾಗ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ ಬಗೆಬಗೆಯ ಆಕೃತಿಗಳನ್ನು ಕಟ್ಟುವ ಮೆಕಾನೊ ಎಂಬ ಆಟಿಕೆಯನ್ನು ಕಂಡು, ವಿಷಯಗಳನ್ನೂ ಹೀಗೆಯೇ ಬಿಡಿಮುಖಗಳಿಂದ ಕಟ್ಟಬಹುದೆಂಬ ಆಲೋಚನೆ ಅವರಿಗೆ ಹೊಳೆಯಿತು. ೧೯೩೩ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣವು ಅದರ ಫಲ. ಅದಕ್ಕೂ ಮೊದಲು, ೧೯೩೧ರಲ್ಲಿ, ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಅವರು ಪ್ರತಿಪಾದಿಸಿದ್ದರು. ಪುಸ್ತಕವಿರುವುದು ಬಳಕೆಗೆ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗ ದೊರೆಯಬೇಕು, ಓದುಗನ ಕಾಲ ವ್ಯರ್ಥವಾಗಬಾರದು, ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಅವುಗಳ ತಾತ್ಪರ್ಯ. ೧೯೫೭ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅದೇ ನಗರದಲ್ಲಿ ದಿವಂಗತರಾದರು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ೧೯೬೫ರಲ್ಲಿ ಅಂಗೀಕೃತವಾದುದು ಅವರು ಇಲ್ಲಿದ್ದ ಕಾಲದಲ್ಲಿಯೇ.

ಕೋಲನ್ ಪದ್ಧತಿಯಲ್ಲಿ ಸಾಹಿತ್ಯಗ್ರಂಥವನ್ನು ಭಾಷೆ, ರೂಪ, ಕರ್ತೃ ಎಂಬ ಮುಖಗಳಿಂದ ಗುರುತಿಸಲಾಗುತ್ತದೆ. ಕರ್ತೃವನ್ನು ಅವನು ಹುಟ್ಟಿದ ವರ್ಷದಿಂದ ಸೂಚಿಸುವುದು ಅದರ ನಿಯಮ. ಹತ್ತೊಂಬತ್ತು, ಇಪ್ಪತ್ತನೆಯ ಶತಮಾನದ ಲೇಖಕರಿಗೆ ಇದು ಸರಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹುಟ್ಟಿದ ವರ್ಷ ನಿರ್ವಿವಾದವಾಗಿ ತಿಳಿದಿರುವವರು ದುರ್ಲಭ. ಹಾಗಾಗಿ ಯಾವ ಪದ್ಧತಿಯಾದರೂ ನಮ್ಮ ವಸ್ತುವಿನ ಮುಂದೆ ಒಂದೆಡೆಯಲ್ಲಿ ತಡವರಿಸುತ್ತದೆ. ಇದಕ್ಕೆ ಪರಿಹಾರವು ಕಪಾಟಿನಲ್ಲಿಲ್ಲ, ಪಟ್ಟಿಯಲ್ಲಿದೆ. ಪುಸ್ತಕವು ಒಂದೇ ಸ್ಥಳದಲ್ಲಿರಬಲ್ಲದು. ಅದರ ಹೆಸರು ಪಟ್ಟಿಯಲ್ಲಿ ಹಲವೆಡೆ ಇರಬಲ್ಲದು. ಕರ್ತೃ, ಶೀರ್ಷಿಕೆ, ವಿಷಯ ಈ ಮೂರೂ ಬಾಗಿಲುಗಳನ್ನು ತಟ್ಟಬೇಕು. ಅಲ್ಲಮ ಎಂಬಲ್ಲಿ ಸಿಗದುದು ಪ್ರಭುದೇವ ಎಂಬಲ್ಲಿ ಸಿಗಬಹುದು. ಬಸವಣ್ಣ ಎಂಬಲ್ಲಿ ಕಾಣದುದು ಬಸವೇಶ್ವರ ಎಂಬಲ್ಲಿ ಕಂಡೀತು. ಲಕ್ಕಮ್ಮನನ್ನು ಆಯ್ದಕ್ಕಿ ಎಂಬ ಪದದಡಿಯಲ್ಲಿಯೂ ನೋಡಬೇಕು. ಒಳ್ಳೆಯ ಪಟ್ಟಿಯು ಇಂಥೆಡೆಗಳಲ್ಲಿ ಒಂದು ಹೆಸರಿನಿಂದ ಇನ್ನೊಂದಕ್ಕೆ ಕೈಮರವನ್ನು ನೆಟ್ಟಿರುತ್ತದೆ. ಅದಿಲ್ಲದ ಕಡೆ ಓದುಗನೇ ಪರ್ಯಾಯನಾಮಗಳ ಒಂದು ಚೀಟಿಯನ್ನು ಮಾಡಿಕೊಂಡು ಹೋಗುವುದು ಲೇಸು.

ಶಾಸನ ಸಂಪುಟಗಳ ಸೀಮೆ

ಸರಿಯಾದ ಸಂಪುಟವನ್ನು ನೋಡದಿದ್ದರೆ ಎಷ್ಟು ದೊಡ್ಡ ನಷ್ಟವಾಗಬಲ್ಲದೆಂಬುದಕ್ಕೆ ಬಸವಣ್ಣನವರ ಐತಿಹಾಸಿಕತೆಯ ಪ್ರಶ್ನೆಯೇ ಸಾಕ್ಷಿ. ಜೆ. ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ೫ನೆಯ ಸಂಪುಟದಲ್ಲಿ ಅಬ್ಲೂರಿನ ಶಾಸನಗಳನ್ನು ಪ್ರಕಟಿಸಿದಾಗ, ಅಲ್ಲಿ ವರ್ಣಿತನಾದ ಏಕಾಂತದ ರಾಮಯ್ಯನಿಗೆ ಪ್ರಾಧಾನ್ಯವನ್ನು ಕೊಟ್ಟು, ಬಸವಣ್ಣನವರನ್ನು ಕುರಿತ ಪುರಾಣಗಳ ಕಥನವನ್ನು ಸಂದೇಹದಿಂದ ಕಂಡರು. ಶಾಸನದ ಆಧಾರವಿಲ್ಲವೆಂಬುದು ಆ ಸಂದೇಹದ ಬುನಾದಿ. ಆಧಾರವು ನೆಲದ ಮೇಲೆಯೇ ಇದ್ದಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ೧೨೬೦ರ ಶಾಸನವು ತರ್ದವಾಡಿ ನಾಡಿನ ಬಾಗೆವಾಡಿಯನ್ನೂ ಮಾದಿರಾಜನನ್ನೂ ಆತನ ಮಗನಾದ ಬಸವರಾಜನನ್ನೂ ಹೆಸರಿಸುತ್ತದೆ. ಅದು ಎಪಿಗ್ರಾಫಿಯಾ ಇಂಡಿಕಾದ ೨೧ನೆಯ ಸಂಪುಟದಲ್ಲಿ ಪ್ರಕಟವಾಯಿತು.

ಕರ್ನಾಟಕದ ಶಾಸನವೆಂದೊಡನೆ ವಿದ್ಯಾರ್ಥಿಯ ಕೈ ಎಪಿಗ್ರಾಫಿಯಾ ಕರ್ನಾಟಿಕಾದ ಕಡೆ ಹೋಗುವುದು ಸಹಜ. ಬಿ. ಎಲ್. ರೈಸರು ೧೮೮೬ರಿಂದ ಹೊರತಂದ ಆ ಹನ್ನೆರಡು ಸಂಪುಟಗಳ ವ್ಯಾಪ್ತಿ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗು ಮಾತ್ರ. ಬೆಳಗಾವಿ ಅಂದು ಮುಂಬಯಿ ಪ್ರಾಂತದಲ್ಲಿದ್ದಿತು. ನಾಗಾವಿ ನಿಜಾಮನ ಸೀಮೆಯಲ್ಲಿದ್ದಿತು. ಆದ್ದರಿಂದ ಅರ್ಜುನವಾಡವನ್ನು ಅಲ್ಲಿ ಹುಡುಕಿ ಸಿಗಲಿಲ್ಲವೆಂದು ಮರಳಿದರೆ ಅದು ಶಾಸನದ ಅಭಾವವಲ್ಲ, ಹುಡುಕಿದ ಸ್ಥಳದ ದೋಷ. ೧೯೫೬ರಲ್ಲಿ ಒಂದಾದ ಕನ್ನಡ ನಾಡಿನ ಶಾಸನಗಳು ಗ್ರಂಥಾಲಯದ ಕಪಾಟಿನಲ್ಲಿ ಇನ್ನೂ ಹಳೆಯ ರಾಜಕೀಯ ಗಡಿಗಳ ಪ್ರಕಾರವೇ ನಿಂತಿವೆ. ಬಳ್ಳಿಗಾವಿಯ ಶಾಸನ ಬೇಕಾದವನು ರೈಸರ ೭ನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಭಾಗವನ್ನು ನೋಡಬೇಕು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಪ್ರಕಟಿಸಿದ ಪರಿಷ್ಕೃತ ಸಂಪುಟಗಳಲ್ಲಿ ಸಂಪುಟದ ಅಂಕಿ ಮತ್ತು ಶಾಸನದ ಅಂಕಿಗಳೆರಡೂ ಬದಲಾಗಿವೆ. ಹಳೆಯ ಲೇಖನದಲ್ಲಿ ಕಂಡ ಅಂಕಿಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದವನಿಗೆ ಬೇರೆಯೇ ಊರಿನ ಶಾಸನ ಎದುರಾಗುತ್ತದೆ. ಯಾವ ಆವೃತ್ತಿಯೆಂಬುದನ್ನು ಮೊದಲು ನಿಶ್ಚಯಿಸಿಕೊಂಡಲ್ಲದೆ ಅಂಕಿಯನ್ನು ನಂಬಬಾರದು.

ಇಂದಿನ ಸೌಕರ್ಯ, ಇಂದಿನ ಅಪಾಯ

ವಚನಗಳ ಮಟ್ಟಿಗೆ ಇಂದಿನ ಜಿಜ್ಞಾಸುವು ಹಳಕಟ್ಟಿಯವರಿಗಿಲ್ಲದ ಭಾಗ್ಯವನ್ನು ಪಡೆದಿದ್ದಾನೆ. ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ೧೯೯೩ರಲ್ಲಿ ಹೊರತಂದಿತು. ೨೦೦೧ರಲ್ಲಿ ಅದರ ಪರಿಷ್ಕೃತ ಮುದ್ರಣವಾಯಿತು. ಮೊದಲ ನಾಲ್ಕು ಸಂಪುಟಗಳು ಕ್ರಮವಾಗಿ ಬಸವಣ್ಣ, ಅಲ್ಲಮಪ್ರಭು, ಚೆನ್ನಬಸವಣ್ಣ, ಸಿದ್ಧರಾಮರಿಗೆ ಮೀಸಲು, ಐದನೆಯದು ಶಿವಶರಣೆಯರದು, ಅನಂತರದವು ಸಂಕೀರ್ಣ ವಚನಗಳು, ಹದಿನೈದನೆಯದು ಪರಿಭಾಷಾಕೋಶ. ಸಂಕವ್ವೆಯ ಒಂದು ವಚನಕ್ಕೂ ಅಲ್ಲಿ ನೆಲೆಯಿದೆ. ವಚನದ ಮೊದಲ ಸಾಲು ಗೊತ್ತಿದ್ದರೆ ಅಕಾರಾದಿಯಿಂದಲೂ, ಅಂಕಿತವಷ್ಟೇ ಗೊತ್ತಿದ್ದರೆ ಕರ್ತೃವಿನ ಸಂಪುಟದಿಂದಲೂ ಹುಡುಕಬಹುದು. ಗಣಕಯಂತ್ರಗಳು ಬಂದ ಮೇಲೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳಲ್ಲಿ ಒಂದು ಪದವಿರುವ ಎಡೆಗಳನ್ನೆಲ್ಲ ಕ್ಷಣದಲ್ಲಿ ಕಾಣುವುದು ಸಾಧ್ಯವಾಗಿದೆ. ಯಂತ್ರವು ತನಗೆ ಕೊಟ್ಟ ಅಕ್ಷರಗಳನ್ನಷ್ಟೇ ಬಲ್ಲದು. ಗುಹೇಶ್ವರನೆಂದು ಕೇಳಿದರೆ ಗೊಹೇಶ್ವರನನ್ನು ಅದು ತೋರಿಸದಿರಬಹುದು. ಪಾಠಾಂತರ, ಕಾಗುಣಿತಭೇದಗಳನ್ನು ಬಲ್ಲ ಮನುಷ್ಯನೇ ಎರಡೂ ರೂಪಗಳನ್ನು ಕೇಳಬೇಕು.

ಅಪಾಯವೂ ಇದರೊಡನೆಯೇ ಇದೆ. ಇಂದು ಸಭೆಗಳಲ್ಲಿ, ಕರಪತ್ರಗಳಲ್ಲಿ, ಗೋಡೆಬರಹಗಳಲ್ಲಿ ಶರಣರ ಹೆಸರಿನಿಂದ ಹರಿದಾಡುವ ಮಾತುಗಳೆಲ್ಲ ಶರಣರವಲ್ಲ. ಅಂಕಿತವೊಂದನ್ನು ಕೊನೆಗೆ ಅಂಟಿಸಿದ ಮಾತ್ರಕ್ಕೆ ವಚನವಾಗುವುದಿಲ್ಲ. ಮಾತು ಹಿತವಾಗಿದೆಯೆಂಬುದು ಅದರ ಪ್ರಾಮಾಣ್ಯಕ್ಕೆ ಸಾಕ್ಷಿಯಲ್ಲ. ವಚನವೊಂದನ್ನು ಉದಾಹರಿಸುವ ಮೊದಲು ಅದು ಸಮಗ್ರ ಸಂಪುಟದಲ್ಲ್ಯಾವ ಸಂಖ್ಯೆಯಲ್ಲಿದೆಯೆಂದು ನೋಡುವುದು. ಅಲ್ಲಿಂದ ಅದನ್ನು ಮೊದಲು ಪ್ರಕಟಿಸಿದ ಆವೃತ್ತಿಗೆ ಹೋಗುವುದು. ಆ ಸಂಪಾದಕರು ಬಳಸಿದ ಹಸ್ತಪ್ರತಿ ಯಾವುದು, ಯಾವ ಭಂಡಾರದ್ದು ಎಂಬುದನ್ನು ಪೀಠಿಕೆಯಿಂದ ತಿಳಿಯುವುದು. ಸಂದೇಹ ಉಳಿದರೆ ಆ ಭಂಡಾರದ ವರ್ಣನಾತ್ಮಕ ಸೂಚಿಯನ್ನು ನೋಡಿ ಓಲೆಯವರೆಗೆ ನಡೆಯುವುದು. ಮೆಟ್ಟಿಲುಗಳು ನಾಲ್ಕೇ. ಎಲ್ಲರೂ ನಾಲ್ಕನೆಯದನ್ನು ಹತ್ತಬೇಕಾಗಿಲ್ಲ. ಆದರೆ ಬೋಧಿಸುವವರು, ಬರೆಯುವವರು ಮೊದಲನೆಯದನ್ನಾದರೂ ಹತ್ತದೆ ಬಾಯಿ ತೆರೆಯಬಾರದು. ದಾರಿ ತಿಳಿಯದಿದ್ದರೆ ಗ್ರಂಥಪಾಲಕರನ್ನು ಕೇಳುವುದರಲ್ಲಿ ಸಂಕೋಚ ಸಲ್ಲದು. ನಾಗಾವಿಯ ಕಾಲದಿಂದಲೂ ಅವರಿರುವುದು ಅದಕ್ಕಾಗಿ.

ಬಸವಣ್ಣನವರನ್ನು ಲೋಕವು ಭಂಡಾರಿ ಬಸವಣ್ಣನೆಂದು ಕರೆಯಿತು. ಬಿಜ್ಜಳನ ಭಂಡಾರದ ಲೆಕ್ಕವನ್ನು ಅವರು ಚೊಕ್ಕವಾಗಿ ಇರಿಸಿದ್ದರೆಂಬುದನ್ನು, ಸಂದೇಹ ಬಂದಾಗ ಅದನ್ನು ತೆರೆದು ತೋರಿಸಿದರೆಂಬುದನ್ನು ಪುರಾತನರ ಕಾವ್ಯಗಳು ಸಾರುತ್ತವೆ. ಆ ಶರಣರು ಬಿಟ್ಟುಹೋದ ನುಡಿಯ ಭಂಡಾರಕ್ಕೂ ಅದೇ ಧರ್ಮ ಅನ್ವಯಿಸುತ್ತದೆ. ಪ್ರತಿಯೊಂದು ನುಡಿಯೂ ಯಾರದು, ಎಲ್ಲಿಂದ ಬಂದಿತು ಎಂದು ಕೇಳಿದಾಗ ಲೆಕ್ಕವನ್ನು ತೆರೆದು ತೋರಿಸಲು ಇಂದಿನ ವೀರಶೈವ ಸಮಾಜವೂ ಅದರ ಮಠಮಾನ್ಯಗಳೂ ವಿದ್ಯಾಲಯಗಳೂ ಸಿದ್ಧವಾಗಿರಬೇಕು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿರುವ ಕಟ್ಟುಗಳು ಇನ್ನೂ ಉಳಿದಿದ್ದರೆ ಅವುಗಳ ಪಟ್ಟಿಯಾಗಬೇಕು. ಬಿಚ್ಚದ ಕಟ್ಟಿನಲ್ಲಿ ಇನ್ನೊಬ್ಬ ಸಂಕವ್ವೆ ಇರಬಹುದು.